ಅಪ್‌ಡೇಟ್: ಡಾಲರ್ ಈಗ ಡಾಲರ್ ಆಗಿಯೇ ಖಾತೆಯಲ್ಲಿದೆ

ಹೊರದೇಶದ ಕ್ಲೈಂಟ್ ಕಳಿಸುವ ಡಾಲರ್ ನನ್ನ ಖಾತೆಗೆ ಬಂದ ಕೂಡಲೇ ಇಲ್ಲಿನ ಹಣಕ್ಕೆ ಬದಲಾಗುತ್ತಿದೆ, ಅದನ್ನು ಹಾಗೇ ಇಟ್ಟುಕೊಳ್ಳಬಹುದಾ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಕೆಲಸ ಆಯಿತು.

ನನ್ನ ಮಾಮೂಲಿ ಖಾತೆ ಇರುವುದು ಒಂದೇ ಕರೆನ್ಸಿಯಲ್ಲಿ. ಹಾಗಾಗಿ ಅದೇ ಬ್ಯಾಂಕಿನಲ್ಲಿ ಡಾಲರ್‌ಗೆ ಅಂತಲೇ ಬೇರೆ ಖಾತೆ ತೆರೆದೆ. ಕ್ಲೈಂಟ್‌ಗೆ ಹೊಸ ಖಾತೆ ನಂಬರ್, ಸ್ವಿಫ್ಟ್ ಕೋಡ್ (ಹೊರದೇಶದಿಂದ ಹಣ ಬರುವಾಗ ನಮ್ಮ ಬ್ಯಾಂಕನ್ನು ಗುರುತಿಸುವ ಕೋಡ್) ಜೊತೆಗೆ ಕರೆಸ್ಪಾಂಡೆಂಟ್ ಬ್ಯಾಂಕಿನ, ಅಂದರೆ ನಮ್ಮ ಬ್ಯಾಂಕಿನ ಪರವಾಗಿ ಡಾಲರ್ ಪಡೆಯುವ ನಡುವಿನ ಬ್ಯಾಂಕಿನ, ವಿವರವನ್ನೂ ಕೊಟ್ಟೆ. ಸ್ವಿಫ್ಟ್‌ನಲ್ಲಿ ಹೋಗುವುದು ಸಂದೇಶ ಮಾತ್ರ, ದುಡ್ಡಲ್ಲ. ನಮ್ಮ ಬ್ಯಾಂಕ್ ಆ ಕರೆಸ್ಪಾಂಡೆಂಟ್ ಬ್ಯಾಂಕಿನಲ್ಲಿ ಒಂದು ಡಾಲರ್ ಖಾತೆ ಇಟ್ಟಿರುತ್ತದೆ. ಹಣ ಮೊದಲು ಅಲ್ಲಿ ಜಮಾ ಆಗಿ, ಆಮೇಲೆ ನಮ್ಮ ಲೆಕ್ಕಕ್ಕೆ ಬರುತ್ತದೆ. ಮೊದಲು ದಾರಿಯಲ್ಲಿ ಹಣ ಕಡಿಮೆಯಾಗುತ್ತಿದ್ದದ್ದು ಈ ನಡುವಿನ ಬ್ಯಾಂಕಿನ ಶುಲ್ಕದಿಂದ ಅಂತ ಈಗ ಅರ್ಥವಾಯಿತು.

ಇದನ್ನು ಎಲ್ಲರೂ ಗಮನಿಸಬೇಕು. ಕಳಿಸುವವರು ಶುಲ್ಕದ ಜಾಗದಲ್ಲಿ ‘ಎಸ್‌ಎಚ್‌ಎ’ (ಖರ್ಚು ಇಬ್ಬರಲ್ಲೂ ಹಂಚಿಕೆ) ಆರಿಸಿದರೆ ನಡುವಿನ ಬ್ಯಾಂಕ್ ಬರುವ ಹಣದಿಂದಲೇ ತನ್ನ ಶುಲ್ಕ ಹಿಡಿಯಬಹುದು. ‘ಬಿಇಎನ್’ ಅಂದರೆ ಪೂರ್ತಿ ಖರ್ಚು ನಮ್ಮದು. ‘ಒಯುಆರ್’ ಆದರೆ ಅವರದು. ಕ್ಲೈಂಟ್ ಮೂರನೆಯದಕ್ಕೆ ಒಪ್ಪಿದರು. ಈ ಸಲ ಇನ್‌ವಾಯ್ಸ್‌ನಲ್ಲಿದ್ದಷ್ಟೇ ಬಂತು, ನಿಜಕ್ಕೂ ಖುಷಿಯಾಯಿತು!

ಡಾಲರನ್ನು ಹಾಗೇ ಎಷ್ಟು ದಿನ ಇಟ್ಟುಕೊಳ್ಳಬಹುದು ಅನ್ನೋದು ಆಯಾ ದೇಶದ ನಿಯಮಕ್ಕೆ ಬಿಟ್ಟದ್ದು. ಖಾತೆ ತೆರೆಯುವ ಮೊದಲೇ ಕೇಳಿಕೊಳ್ಳಿ.

ಯೂರೋದಲ್ಲಿ ಕೊಡುವವರಿಗೆ ಡಾಲರ್ ಖಾತೆಯ ನಂಬರ್ ಕೊಡಬೇಡಿ. ಬ್ಯಾಂಕ್ ಅದನ್ನು ಡಾಲರ್‌ಗೆ ಬದಲಿಸಬಹುದು, ಮತ್ತೆ ಕರೆನ್ಸಿ ಬದಲಿಸುವುದರಲ್ಲೇ ನಷ್ಟ ಅಲ್ವಾ?