ಸಹಾಯ ಬೇಕು: ಟೇಲರ್ ಮತ್ತು ಹಾಥಾರ್ನ್ ಪ್ರಯೋಗಗಳ ಸಂಬಂಧ

ಎಲ್ಲರಿಗೂ ನಮಸ್ಕಾರ. ಸಂಘಟನಾ ಸಿದ್ಧಾಂತಗಳ ಕುರಿತು ಪದವಿ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಟಿಪ್ಪಣಿ ಸಿದ್ಧಪಡಿಸುತ್ತಿದ್ದೇನೆ; ಫೇಯೋಲ್, ವೇಬರ್ ಭಾಗ ಮುಗಿದಿದೆ. ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಸಲಿಕೆಯೊಂದಕ್ಕೆ ಸುಮಾರು 21 ಪೌಂಡ್ ಭಾರವೇ ಸೂಕ್ತವೆಂದು ಲೆಕ್ಕ ಹಾಕಿ, ಭಾರದ ಅದಿರಿಗೆ ಚಿಕ್ಕ ಸಲಿಕೆ, ಹಗುರ ಸಾಮಗ್ರಿಗೆ ದೊಡ್ಡ ಸಲಿಕೆ ಕೊಡಿಸಿದವರು ಅಮೆರಿಕದ ಎಂಜಿನಿಯರ್ ಟೇಲರ್. ಕೆಲಸವನ್ನು ಹೀಗೆ ಅಳೆದು, ತಕ್ಕ ಸಲಕರಣೆ ಮತ್ತು ಕೂಲಿ ಕೊಟ್ಟರೆ ಉತ್ಪಾದನೆ ಹೆಚ್ಚುತ್ತದೆಂಬ ಅವರ ವಾದವನ್ನು ಷಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ ನಡೆದ ಪ್ರಯೋಗಗಳು, ಕೂಲಿಗಿಂತ ಕೆಲಸಗಾರರ ನಡುವಿನ ಸಂಬಂಧಗಳೇ ಮುಖ್ಯವೆಂದು ತೋರಿಸಿ, ತಳ್ಳಿಹಾಕಿದವೆಂದು ಪಠ್ಯಪುಸ್ತಕಗಳು ಸಲೀಸಾಗಿ ಬರೆದುಬಿಡುತ್ತವೆ. ನನಗದು ಒಪ್ಪಿಗೆಯಾಗುತ್ತಿಲ್ಲ. ಹಾಥಾರ್ನ್‌ನಲ್ಲಿ ರಿಲೇ ಎಂಬ ದೂರವಾಣಿ ಬಿಡಿಭಾಗವನ್ನು ಜೋಡಿಸುತ್ತಿದ್ದ ಕೊಠಡಿಯ ಯುವತಿಯರಿಗೆ ವಿಶ್ರಾಂತಿಯ ಜೊತೆಗೆ ಕೂಲಿಯ ಲೆಕ್ಕಾಚಾರವೂ ಬದಲಾಗಿತ್ತು. ಇನ್ನು ತಂತಿ ಜೋಡಿಸುವ ಕೊಠಡಿಯ ಗಂಡಸರು ತಮ್ಮತಮ್ಮಲ್ಲೇ ಮಾತಾಡಿಕೊಂಡು ಉತ್ಪಾದನೆಗೆ ಮಿತಿ ಹಾಕಿಕೊಂಡದ್ದು, ಟೇಲರ್ 1911ರಲ್ಲೇ ದೂರಿದ್ದ ನಡವಳಿಕೆಯೇ ಅಲ್ಲವೇ? ಟೇಲರ್ ಮತ್ತು ಹಾಥಾರ್ನ್ ಎರಡನ್ನೂ ವಿರೋಧವಾಗಿಯಲ್ಲದೆ ಮುಂದುವರಿಕೆಯಾಗಿ ಬೋಧಿಸಿದ ಅಧ್ಯಾಪಕರಿದ್ದರೆ, ವಿದ್ಯಾರ್ಥಿಗಳಿಗೆ ಹೇಗೆ ವಿವರಿಸಿದಿರೆಂದು ದಯವಿಟ್ಟು ತಿಳಿಸಿ. ಕನ್ನಡದಲ್ಲಿರುವ ಸಾಮಗ್ರಿ ಸಿಕ್ಕರಂತೂ ಬಹಳ ಉಪಕಾರವಾಗುತ್ತದೆ.