ಪಥ್ಯದಲ್ಲಿರುವಾಗ ಹೊರಗಿನ ಊಟ ಮತ್ತು ಆತ್ಮೀಯರ ಒತ್ತಾಯ: ದಾಕ್ಷಿಣ್ಯವನ್ನು ಹೇಗೆ ನಿಭಾಯಿಸುವುದು?

ಪ್ರಶ್ನೆ

ಏಳು ತಿಂಗಳಿಂದ ತೂಕ ಇಳಿಸುವ ಪಥ್ಯದಲ್ಲಿದ್ದೇನೆ. ಮೊದಲ ಐದೂವರೆ ತಿಂಗಳಲ್ಲಿ ಒಂಬತ್ತು ಕಿಲೋ ಇಳಿಯಿತು; ಆಮೇಲೆ ಆರು ವಾರಗಳಿಂದ ತೂಕ ಅಲ್ಲೇ ನಿಂತಿದೆ. ಮನೆಯಲ್ಲಿ ಏನು ಬೇಯಿಸಬೇಕು, ಎಷ್ಟು ಬಡಿಸಿಕೊಳ್ಳಬೇಕು ಎಂಬುದೆಲ್ಲ ನನ್ನ ಕೈಯಲ್ಲೇ ಇರುವುದರಿಂದ ವಾರದ ಐದು ದಿನ ಯಾವ ತೊಡಕೂ ಇಲ್ಲ. ತೊಡಕು ಬರುವುದು ನಾಲ್ಕು ಜನರ ನಡುವೆ ಕುಳಿತಾಗ. ಸಹೋದ್ಯೋಗಿಗಳ ಜೊತೆ ಹೋಟೆಲಿಗೆ ಹೋದರೆ ಅಡುಗೆಗೆ ಎಷ್ಟು ಎಣ್ಣೆ ಹಾಕಿದ್ದಾರೆಂದು ತಿಳಿಯುವುದಿಲ್ಲ. ನೆಂಟರ ಮನೆಗೆ ಹೋದರೆ ‘ಒಂದು ದಿನ ತಿಂದರೆ ಏನಾಗುತ್ತದೆ’ ಎಂಬ ಮಾತಿಗೆ ಎದುರಾಡಲು ಬಾಯಿ ಬರುವುದಿಲ್ಲ. ಒಮ್ಮೆ ಮಿತಿ ಮೀರಿದರಂತೂ ‘ಹೇಗಿದ್ದರೂ ಕೆಟ್ಟಿತು, ಇನ್ನು ಸೋಮವಾರದಿಂದ ನೋಡಿಕೊಳ್ಳೋಣ’ ಎಂದುಕೊಂಡು ಭಾನುವಾರ ರಾತ್ರಿಯವರೆಗೂ ತಿನ್ನುತ್ತಲೇ ಇರುತ್ತೇನೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುತ್ತಿರುವುದು ಇನ್ನೊಂದಿದೆ. ಇತ್ತೀಚೆಗೆ ಆಮಂತ್ರಣಗಳನ್ನೇ ತಪ್ಪಿಸುತ್ತಿದ್ದೇನೆ. ಕಳೆದ ತಿಂಗಳು ಆಪ್ತ ಗೆಳತಿಯ ಮಗಳ ಹುಟ್ಟುಹಬ್ಬಕ್ಕೆ ಜ್ವರವೆಂದು ಸುಳ್ಳು ಹೇಳಿ ಹೋಗಲಿಲ್ಲ. ಅಂದು ಸಂಜೆ ಮನೆಯಲ್ಲಿ ಒಬ್ಬಳೇ ಕುಳಿತು ಅಳತೆಯ ಊಟ ಮಾಡುವಾಗ ನನಗೆ ನನ್ನ ಮೇಲೆಯೇ ಬೇಸರವಾಯಿತು. ಜನರನ್ನು ಬಿಡದೆ ಪಥ್ಯವನ್ನು ಉಳಿಸಿಕೊಳ್ಳುವ ದಾರಿ ಯಾವುದು? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ನಾನು ನಾಲ್ಕು ವರ್ಷಗಳ ಹಿಂದೆ ಹದಿನಾರು ಕಿಲೋ ಇಳಿಸಿ, ಅದನ್ನು ಹೆಚ್ಚುಕಡಿಮೆ ಹಾಗೆಯೇ ಉಳಿಸಿಕೊಂಡು ಬಂದವನು. ನಿಮ್ಮ ಪ್ರಶ್ನೆಯನ್ನು ಓದಿದಾಗ ನನಗೆ ಅನ್ನಿಸಿದ್ದು, ನಿಮ್ಮನ್ನು ಸೋಲಿಸುತ್ತಿರುವುದು ಹಸಿವೂ ಅಲ್ಲ, ನಾಲಿಗೆಯ ಚಪಲವೂ ಅಲ್ಲ, ದಾಕ್ಷಿಣ್ಯ ಎಂದು. ಬಡಿಸುವವರು ಪ್ರೀತಿಯಿಂದ ಬಡಿಸುತ್ತಾರೆ. ತಟ್ಟೆಗೆ ಬೇಡವೆಂದರೆ ಅವರ ಪ್ರೀತಿಗೇ ಬೇಡವೆಂದಂತಾಗುತ್ತದೆಂದು ನಾವು ಹೆದರುತ್ತೇವೆ. ಈ ಎರಡನ್ನೂ ಬೇರೆ ಬೇರೆಯಾಗಿ ನೋಡಲು ಕಲಿಯುವುದಕ್ಕೆ ನನಗೆ ಒಂದು ವರ್ಷವೇ ಹಿಡಿಯಿತು.

ನನಗೆ ನೆರವಾದದ್ದು ಮೊದಲನೆಯದಾಗಿ ಮಾತಿನ ರೀತಿ. ‘ನಾನು ಇದನ್ನು ತಿನ್ನುವಂತಿಲ್ಲ’ ಎಂದರೆ ಯಾರೋ ನಿಮ್ಮನ್ನು ತಡೆದಿದ್ದಾರೆ ಎಂಬ ಅರ್ಥ ಬಂದು, ಎದುರಿನವರು ಕೂಡಲೇ ಆ ತಡೆಯನ್ನು ಸರಿಸಲು ಹೊರಡುತ್ತಾರೆ. ‘ನಾನು ರಾತ್ರಿ ಸಿಹಿ ತಿನ್ನುವುದಿಲ್ಲ’ ಎಂದರೆ ಅದು ನಿಮ್ಮ ಅಭ್ಯಾಸವಾಗುತ್ತದೆ, ಅಲ್ಲಿ ವಾದಕ್ಕೆ ಎಡೆಯೇ ಉಳಿಯುವುದಿಲ್ಲ. ವನೆಸ್ಸಾ ಪ್ಯಾಟ್ರಿಕ್ ಮತ್ತು ಹೆನ್ರಿಕ್ ಹಾಗ್ಟ್‌ವೆಟ್ ಎಂಬ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಇದೇ ವ್ಯತ್ಯಾಸ ಕಂಡುಬಂದಿತ್ತು: ತಮಗೆ ತಾವು ‘ಮಾಡುವಂತಿಲ್ಲ’ ಎಂದುಕೊಂಡವರಿಗಿಂತ ‘ಮಾಡುವುದಿಲ್ಲ’ ಎಂದುಕೊಂಡವರು ತಮ್ಮ ನಿರ್ಧಾರಕ್ಕೆ ಹೆಚ್ಚು ಬದ್ಧರಾಗಿ ಉಳಿದಿದ್ದರು.

ಎರಡನೆಯದಾಗಿ, ಊಟದ ನಡುವೆ ಕ್ಯಾಲೊರಿಯ ವಿವರಣೆ ಕೊಡಲು ಹೋಗಬೇಡಿ. ನಾವು ಕಾರಣಗಳನ್ನು ಹೇಳುತ್ತಾ ಹೋದಷ್ಟೂ ಎದುರಿನವರಿಗೆ ಉತ್ತರ ಕೊಡಲು ಎಡೆ ಸಿಗುತ್ತದೆ, ಅಷ್ಟೇ ಅಲ್ಲದೆ ಪಕ್ಕದಲ್ಲಿ ನೆಮ್ಮದಿಯಾಗಿ ಉಣ್ಣುತ್ತಿರುವವರಿಗೆ ತಮ್ಮ ತಟ್ಟೆಯ ಬಗ್ಗೆಯೇ ಮುಜುಗರವಾಗುತ್ತದೆ. ನಗುಮುಖದಿಂದ ಒಂದೇ ಮಾತನ್ನು ಎರಡು ಮೂರು ಬಾರಿ ಹೇಳಿದರೆ ಸಾಕು. ತಟ್ಟೆಯನ್ನು ಬೇಗ ಬರಿದು ಮಾಡದಿರುವುದೂ ಮುಖ್ಯ, ಏಕೆಂದರೆ ಖಾಲಿ ತಟ್ಟೆ ಕಂಡ ಬಡಿಸುವವರ ಕೈ ಸುಮ್ಮನಿರುವುದಿಲ್ಲ. ನಾನು ನಿಧಾನವಾಗಿ ಉಣ್ಣುತ್ತೇನೆ, ಮಾಡಿದವರ ಕೈರುಚಿಯನ್ನು ಮನಸಾರೆ ಹೊಗಳುತ್ತೇನೆ, ಊಟವಾದ ಮೇಲೆ ಪಾತ್ರೆ ಎತ್ತಿಡಲು ಒಳಗೆ ಹೋಗಿ ಅವರೊಡನೆ ಅರ್ಧ ಗಂಟೆ ಮಾತಾಡುತ್ತೇನೆ. ನಾನು ಕಡಿಮೆ ಉಂಡೆನೆಂದು ಮುನಿಸಿಕೊಂಡವರು ಈವರೆಗೆ ಇಬ್ಬರೇ, ಆ ಇಬ್ಬರೂ ಈಗ ಸರಿಹೋಗಿದ್ದಾರೆ.

ತೀರಾ ಹತ್ತಿರದವರಿಗೆ ಮಾತ್ರ ಮುಂಚಿತವಾಗಿಯೇ ನಿಜವನ್ನು ಹೇಳಿಬಿಡಿ. ಊಟದ ಹೊತ್ತಿನಲ್ಲಿ ಬೇಡವೆಂದರೆ ನೋವಾಗಬಹುದಾದ ಅದೇ ಮಾತು, ಎರಡು ದಿನ ಮೊದಲು ಫೋನಿನಲ್ಲಿ ಹೇಳಿದರೆ ಒಂದು ಕೋರಿಕೆಯಾಗುತ್ತದೆ.

ಎರಡನೆಯ ಉತ್ತರ

ನಾನು ಆಹಾರ ತಜ್ಞೆ. ಮೇಲಿನ ಮಾತುಗಳನ್ನು ಒಪ್ಪುತ್ತಲೇ, ನಿಂತುಹೋದ ತೂಕದ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಲು ಬಯಸುತ್ತೇನೆ.

ಐದು ದಿನ ದಿನಕ್ಕೆ 400 ಕ್ಯಾಲೊರಿಯಂತೆ ಕಡಿಮೆ ತಿಂದರೆ ವಾರಕ್ಕೆ 2,000 ಕ್ಯಾಲೊರಿಯ ಕೊರತೆಯಾಗುತ್ತದೆ. ಶನಿವಾರ ಮತ್ತು ಭಾನುವಾರ ದೇಹಕ್ಕೆ ಬೇಕಾದುದಕ್ಕಿಂತ ತಲಾ 1,000 ಕ್ಯಾಲೊರಿ ಹೆಚ್ಚು ತಿಂದರೆ ಅಷ್ಟೂ ಶ್ರಮ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತದೆ. ಹೊರಗಿನ ಊಟದಲ್ಲಿ ಅಷ್ಟು ಸೇರುವುದು ಕಷ್ಟವೇನಲ್ಲ. ಒಂದು ಗ್ರಾಂ ಕೊಬ್ಬಿನಲ್ಲಿ 9, ಮದ್ಯಸಾರದಲ್ಲಿ 7, ಪಿಷ್ಟ ಮತ್ತು ಪ್ರೋಟೀನಿನಲ್ಲಿ ತಲಾ 4 ಕ್ಯಾಲೊರಿ ಇರುತ್ತವೆ. ಒಂದು ದೊಡ್ಡ ಚಮಚ ಎಣ್ಣೆಯೆಂದರೆ ಸುಮಾರು 120 ಕ್ಯಾಲೊರಿ, ಮತ್ತು ಅದು ಖಾದ್ಯದಲ್ಲಿ ಬೆರೆತ ಮೇಲೆ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಹೋಟೆಲಿನಲ್ಲಿ ಕರಿದದ್ದಕ್ಕಿಂತ ಬೇಯಿಸಿದ್ದನ್ನು ಅಥವಾ ಸುಟ್ಟದ್ದನ್ನು ಆರಿಸಿ, ಸಾಸ್ ಮತ್ತು ಬೆಣ್ಣೆಯನ್ನು ಬೇರೆಯಾಗಿ ತಂದಿಡಲು ಹೇಳಿ, ಸಿಹಿ ಪಾನೀಯದ ಬದಲು ನೀರು ಕುಡಿಯಿರಿ. ಸಾಧ್ಯವಾದರೆ ಮೆನುವನ್ನು ಮನೆಯಲ್ಲೇ ನೋಡಿಕೊಂಡು ಹೋಗಿ, ಎಲ್ಲರಿಗಿಂತ ಮೊದಲು ನಿಮ್ಮ ಆಯ್ಕೆಯನ್ನು ಹೇಳಿಬಿಡಿ. ಇತರರು ತರಿಸಿದ್ದನ್ನು ಕೇಳಿದ ಮೇಲೆ ನಿರ್ಧಾರ ಸಡಿಲವಾಗುವುದು ಸಹಜ. ಜಾನ್ ಡಿ ಕ್ಯಾಸ್ಟ್ರೊ ಎಂಬ ಮನೋವಿಜ್ಞಾನಿ ಜನರ ಊಟದ ದಿನಚರಿಗಳನ್ನು ಅಧ್ಯಯನ ಮಾಡಿದಾಗ, ಜೊತೆಯಲ್ಲಿ ಕುಳಿತವರ ಸಂಖ್ಯೆ ಹೆಚ್ಚಿದಂತೆ ಒಬ್ಬೊಬ್ಬರ ಊಟದ ಪ್ರಮಾಣವೂ ಹೆಚ್ಚುತ್ತಿದ್ದುದು ಕಂಡುಬಂದಿತ್ತು.

ಸಂಜೆಯ ಔತಣಕ್ಕೆಂದು ಹಗಲೆಲ್ಲ ಉಪವಾಸವಿದ್ದು ಹೋಗುವುದು ನಾನು ಕಾಣುವ ಬಹು ದೊಡ್ಡ ತಪ್ಪು. ಮಧ್ಯಾಹ್ನ ಪ್ರೋಟೀನ್ ಮತ್ತು ತರಕಾರಿ ಇರುವ ಹಗುರವಾದ ಊಟ ಮಾಡಿಯೇ ಹೋಗಿ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಡಲೇಬಾರದು. ಕೆಲವು ಔಷಧಗಳ ಜೊತೆ ಊಟ ತಪ್ಪಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು.

ಇನ್ನು ಮರುದಿನ ಬೆಳಿಗ್ಗೆ ತಕ್ಕಡಿ ಹತ್ತಬೇಡಿ. ಒಂದು ಕಿಲೋ ದೇಹದ ಕೊಬ್ಬು ಎಂದರೆ ಸುಮಾರು 7,700 ಕ್ಯಾಲೊರಿ. ರಾತ್ರಿ ಕಳೆಯುವುದರೊಳಗೆ ಒಂದೂವರೆ ಕಿಲೋ ಹೆಚ್ಚಿದ್ದರೆ, ಅದು ಕೊಬ್ಬಾಗಬೇಕಾದರೆ ನೀವು 11,000ಕ್ಕೂ ಹೆಚ್ಚು ಕ್ಯಾಲೊರಿಯನ್ನು ಅಧಿಕವಾಗಿ ತಿಂದಿರಬೇಕಾಗುತ್ತದೆ. ನಿಜದಲ್ಲಿ ಅದರ ಬಹುಪಾಲು ಹೊರಗಿನ ಊಟದ ಉಪ್ಪು ಹಿಡಿದಿಟ್ಟ ನೀರು, ದೇಹದಲ್ಲಿ ಪಿಷ್ಟ ಗ್ಲೈಕೋಜನ್ ಆಗಿ ಶೇಖರವಾಗುವಾಗ ಅದರೊಡನೆ ಸೇರುವ ನೀರು ಮತ್ತು ಇನ್ನೂ ಜೀರ್ಣವಾಗದ ಆಹಾರ. ಮಾಮೂಲಿನಂತೆ ಉಂಡರೆ ಕೆಲವೇ ದಿನಗಳಲ್ಲಿ ಅದು ಇಳಿಯುತ್ತದೆ.

ಮೂರನೆಯ ಉತ್ತರ

‘ಹೇಗಿದ್ದರೂ ಕೆಟ್ಟಿತು’ ಎಂಬ ಮಾತಿನ ಬಗ್ಗೆ ಮಾತ್ರ ಬರೆಯುತ್ತೇನೆ. ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ 1975ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕೆಲವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ಬೇಕಾದಷ್ಟು ಐಸ್‌ಕ್ರೀಂ ತಿನ್ನಲು ಬಿಟ್ಟಿದ್ದರು. ಪಥ್ಯದ ಮನಸ್ಸಿಲ್ಲದವರು ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಂ ಕಡಿಮೆ ತಿಂದರೆ, ಸದಾ ಬಾಯಿ ಕಟ್ಟುವವರು ಮಿಲ್ಕ್‌ಶೇಕ್ ಕುಡಿಯದಿದ್ದಾಗಿಗಿಂತ ಹೆಚ್ಚೇ ತಿಂದರು. ಆದ್ದರಿಂದ ಇದನ್ನು ನಿಮ್ಮೊಬ್ಬರ ದೌರ್ಬಲ್ಯವೆಂದು ತಿಳಿಯಬೇಡಿ. ನಾನು ಇಟ್ಟುಕೊಂಡಿರುವ ನಿಯಮ ಸರಳವಾಗಿದೆ: ಮಿತಿ ಮೀರಿದ ಊಟದ ನಂತರದ ಊಟವೇ ನನ್ನ ಸೋಮವಾರ.

ಆದರೆ ಊಟದ ಭಯದಿಂದ ಗೆಳೆಯರನ್ನೇ ತಪ್ಪಿಸಿಕೊಳ್ಳುವುದು, ತಡೆಯಲಾಗದಂತೆ ತಿಂದು ಆಮೇಲೆ ಕೊರಗುವುದು ಹೆಚ್ಚುತ್ತಾ ಹೋದರೆ, ಮುಚ್ಚಿಡದೆ ವೈದ್ಯರ ಅಥವಾ ಆಪ್ತಸಲಹೆಗಾರರ ಬಳಿ ಮಾತಾಡಿ. ತೂಕ ಇಳಿಯುವುದು ಎರಡು ತಿಂಗಳು ತಡವಾದರೂ ನಷ್ಟವಿಲ್ಲ.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ವಾರಾಂತ್ಯದ ಲೆಕ್ಕವನ್ನು ನಿನ್ನೆ ಕುಳಿತು ಬರೆದು ನೋಡಿದೆ, ಆರು ವಾರಗಳ ಒಗಟು ಅಲ್ಲೇ ಬಿಡಿಸಿತು. ಗೆಳತಿಗೆ ಕರೆ ಮಾಡಿ ಅಂದು ಜ್ವರವಿರಲಿಲ್ಲ ಎಂಬುದನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೀನು ಬಂದು ನೀರು ಕುಡಿದು ಹೋಗಿದ್ದರೂ ನನಗೆ ಸಾಕಾಗಿತ್ತು’ ಎಂದಳು. ಈ ಶನಿವಾರ ಅವಳ ಮನೆಗೆ ಹೋಗುತ್ತಿದ್ದೇನೆ. ಏನು ಮಾಡಲಿ ಎಂದು ಅವಳೇ ಕೇಳಿದ್ದರಿಂದ, ಇಬ್ಬರೂ ಸೇರಿಯೇ ಅಡುಗೆ ಮಾಡುವುದೆಂದು ಮಾತಾಗಿದೆ.