ಪದ ಬೇಕು: ‘ಥಂಬ್ ರೂಲ್’ (ಗುರುವಾರ ಅಚ್ಚಿಗೆ)

ಗೆಳೆಯರೇ,
ಐಟಿಐ ಎಲೆಕ್ಟ್ರಿಷಿಯನ್ ಹುಡುಗರಿಗೆ ಹಂಚಲು ಒಂದು ಜೇಬುಪುಸ್ತಕ ಕನ್ನಡಕ್ಕೆ ಮಾಡುತ್ತಿದ್ದೇನೆ. ಒಳಗೆಲ್ಲ ಥಂಬ್ ರೂಲುಗಳು, ಅಂದರೆ ಪೂರ್ತಿ ಲೆಕ್ಕ ಹಾಕದೆ ಸುಮಾರಾಗಿ ಹೇಳುವ ಅಂಕಿಗಳು, ಹೀಗೆ: ತ್ರೀ ಫೇಸ್ ಮೋಟಾರಾದರೆ ಎಚ್‌ಪಿಗೆ ಒಂದೂವರೆ ಆಂಪ್; 100 ಕೆವಿಎ ಟಿಸಿಗೆ (ಟ್ರಾನ್ಸ್‌ಫಾರ್ಮರ್) 433 ವೋಲ್ಟಿನ ಕಡೆ 133 ಆಂಪ್; ಗೀಸರಿಗೆ ಕಿಲೋವ್ಯಾಟಿಗೆ ನಾಲ್ಕೂವರೆ ಆಂಪ್. ಮುಖಪುಟಕ್ಕೆ ‘ಹೆಬ್ಬೆರಳ ನಿಯಮಗಳು’ ಅಂತ ಹಾಕಿದ್ದೆ, ಡಿಟಿಪಿ ಮಾಡುವವರು ನಕ್ಕರು. ಒಳಗೆ ‘ಪವರ್ ಫ್ಯಾಕ್ಟರ್’ ಇದೆ; ಹಳೇ ಕರಡಿನಲ್ಲಿ ಯಾರೋ ‘ಶಕ್ತಿ ಅಪವರ್ತನ’ ಅಂದಿದ್ದಾರೆ. ಎರಡಕ್ಕೂ ಪದ ಬೇಕು, ಬೇಗ.
ಎಸ್. ಎಂ.

ಉ: ಪದ ಬೇಕು
ಹೆಬ್ಬೆರಳು ಬೇಡವೇ ಬೇಡ. ಹತ್ತನೇ ಕ್ಲಾಸಿನಲ್ಲಿ ‘ಬಲಗೈ ಹೆಬ್ಬೆರಳಿನ ನಿಯಮ’ ಓದಿ ಬಂದ ಹುಡುಗ ಮುಷ್ಟಿ ಕಟ್ಟಿಕೊಂಡು ಕಾಂತಕ್ಷೇತ್ರದ ದಿಕ್ಕು ಹುಡುಕುತ್ತಾನೆ. ಮೇಲಾಗಿ ನಮ್ಮಲ್ಲಿ ‘ಹೆಬ್ಬೆಟ್ಟು’ ಅಂದರೆ ಸಹಿ ಮಾಡಲು ಬಾರದವನು. ಕಲಿಯುವವರ ಪುಸ್ತಕದ ಮೇಲೆ ಅದೇ ಬೈಗುಳವೇ?

‘ನಿಯಮ’ವೂ ಬೇಡ. ಓಮ್‌ನ ನಿಯಮವೂ ನಿಯಮ, ಇದೂ ನಿಯಮ ಆದರೆ ಹುಡುಗರು ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಾರೆ. ಆ ಒಂದೂವರೆ ಎಲ್ಲಿಂದ ಬಂತು? 1.732 (ಮೂರರ ವರ್ಗಮೂಲ), 415 ವೋಲ್ಟ್, ಪವರ್ ಫ್ಯಾಕ್ಟರ್ 0.85, ದಕ್ಷತೆ 0.85, ಇಷ್ಟನ್ನೂ ಗುಣಿಸಿ, ಅದರಿಂದ 746ನ್ನು (ಒಂದು ಎಚ್‌ಪಿಗೆ ಇಷ್ಟು ವ್ಯಾಟ್) ಭಾಗಿಸಿ. 1.44 ಬರುತ್ತದೆ. ಬಾಯಿಗೆ ಹಗುರವಾಗಲಿ ಅಂತ ಒಂದೂವರೆ ಮಾಡಿಕೊಂಡಿದ್ದೇವೆ, ಅಷ್ಟೆ. ನನ್ನ ಹತ್ತಿರ ಕಲಿತವನೊಬ್ಬ ಅದನ್ನು ನಿಯಮ ಅಂದುಕೊಂಡು ಮನೆ ಸಂಪಿನ ಸಿಂಗಲ್ ಫೇಸ್ 1 ಎಚ್‌ಪಿ ಮೋಟಾರಿಗೆ 2 ಆಂಪಿನ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು) ಕೂರಿಸಿದ. ಆ ಮೋಟಾರು ಓಡುವಾಗಲೇ ಆರರ ಮೇಲೆ ಎಳೆಯುತ್ತದೆ. ಹಾಕಿದ, ಬಿತ್ತು. ಮತ್ತೆ ಹಾಕಿದ, ಬಿತ್ತು. ಎಂಸಿಬಿ ಕೆಟ್ಟಿದೆ ಅಂತ ಬಿಚ್ಚಿಕೊಂಡು ಅಂಗಡಿಗೆ ಹೋದ!

‘ಅಂದಾಜು ಲೆಕ್ಕ’ ಅನ್ನಿ. ಅಪವರ್ತನ ಅಂದರೆ 12ಕ್ಕೆ 3, 4 ಇದ್ದ ಹಾಗೆ. ಪವರ್ ಫ್ಯಾಕ್ಟರ್ ಅದಲ್ಲ, ಕಿಲೋವ್ಯಾಟನ್ನು ಕೆವಿಎಯಿಂದ ಭಾಗಿಸಿದ್ದು. ‘ಶಕ್ತಿ’ ಪಠ್ಯಪುಸ್ತಕದಲ್ಲಿ ಎನರ್ಜಿಗೆ ಹೋಗಿದೆ, ಪವರ್‌ಗೆ ‘ಸಾಮರ್ಥ್ಯ’. ಪವರ್ ಫ್ಯಾಕ್ಟರನ್ನು ಹಾಗೇ ಬಿಡಿ.
ಕೆ. ಆರ್.

ಉ: ಉ: ಪದ ಬೇಕು
‘ನಿಯಮ’ ತೆಗೆದು ‘ಅಂದಾಜು’ ತಂದರೆ ಏನು ಬಂತು? ಅದು ಪಾರಸಿ. ಗೇಣು, ಮೊಳ, ಮಾರು ಅಂತ ಮಯ್ಯನ್ನೇ ಅಳತೆಗೋಲು ಮಾಡಿಕೊಂಡ ನುಡಿ ನಮ್ಮದು. ‘ಕಯ್ಯಳತೆ’ ಅನ್ನಿ. ಪವರ್‌ಗೆ ‘ಕಸುವು’, ಎಲೆಕ್ಟ್ರಿಸಿಟಿಗೆ ‘ಮಿಂಚು’. ಇರುವ ಒರೆಗಳನ್ನು ಬಳಸಲು ನಾಚಿಕೆಯೇಕೆ?
ಬಿ.

ಉ: ಉ: ಉ: ಪದ ಬೇಕು
ಬಿ ಅವರೇ, ಮಳೆಗಾಲದಲ್ಲಿ ‘ಮಿಂಚಿನ ತಂತಿಗೆ ಮಿಂಚು ಬಡಿದು ಮಿಂಚು ಹೋಯಿತು’ ಅಂತ ಲಾಗ್‌ಬುಕ್ಕಿನಲ್ಲಿ ಬರೆಯೋಣವೇ? ಜನಕ್ಕೆ ಅದು ಕರೆಂಟು, ಕರೆಂಟಾಗಿಯೇ ಇರಲಿ.

ಕೆ. ಆರ್. ಸಾರ್, ‘ಅಂದಾಜು’ ಪಾರಸಿ ಅನ್ನುವುದು ನನಗೆ ತೊಂದರೆಯಲ್ಲ. ಸರಬರಾಜೂ ಪಾರಸಿಯೇ. ‘ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿ ನಿಯಮಿತ’ದಲ್ಲಿ ಕನ್ನಡ ಉಳಿದಿರುವುದು ಊರಿನ ಹೆಸರಲ್ಲಿ ಮಾತ್ರ, ಆದರೂ ಬಿಲ್ಲು ತಪ್ಪದೆ ಬರುತ್ತದೆ. ತೊಂದರೆ ಬೇರೆ: ಇಲಾಖೆಗಳಲ್ಲಿ ‘ಅಂದಾಜು’ ಅಂದರೆ ಎಸ್ಟಿಮೇಟು. ‘ಅಂದಾಜು ಲೆಕ್ಕ’ ನೋಡಿದವನು ಕಂಬಕ್ಕೆಷ್ಟು, ವಯರಿಗೆಷ್ಟು ಅನ್ನುವ ಪಟ್ಟಿ ಹುಡುಕುತ್ತಾನೆ.

ನಮ್ಮ ಮೇಷ್ಟ್ರು ಸ್ಲೇಟು ಕೆಳಗಿಡಿಸಿ ಮಾಡಿಸುತ್ತಿದ್ದರಲ್ಲ, ಬಾಯಿಲೆಕ್ಕ. ಕಂಬದ ಮೇಲೆ ಕೈ ಬಿಡುವಿಲ್ಲದಾಗ ಮಾಡುವುದೂ ಅದನ್ನೇ. ‘ಬಾಯಿಲೆಕ್ಕ’ ಸಾಕು.

ಲೈನ್‌ಮನ್‌ಗೆ ‘ಮಾರ್ಗದಾಳು’ ಅಂತ ಒಳ್ಳೇ ಪದ ಮಾಡಿದ್ದರು. ಈಗ ಹುದ್ದೆಯ ಹೆಸರೇ ‘ಪವರ್‌ಮ್ಯಾನ್’. ಸಿಟ್ಟು ಬರಬೇಕಾದ್ದು ಅಲ್ಲಿ.
ಎಚ್. ಜಿ.

ಉ: ಮಿಂಚು
ಮಿಂಚು ಬಡಿಯುವುದಿಲ್ಲ, ಸಿಡಿಲು ಬಡಿಯುವುದು. ‘ವಿದ್ಯುತ್’ ಅಂದರೂ ಸಂಸ್ಕ್ರುತದಲ್ಲಿ ಮಿಂಚೇ. ಅಲ್ಲಿ ಆಗದ ಗೊಂದಲ ಕನ್ನಡದಲ್ಲಿ ಹೇಳಿದರೆ ಮಾತ್ರ ಆಗುತ್ತದೆಯೇ? ‘ಮಾರ‍್ಗದಾಳು’ವಿನಲ್ಲಿ ‘ಮಾರ‍್ಗ’ ಯಾವ ನುಡಿಯದು, ನೋಡಿಕೊಳ್ಳಿ.
ಬಿ.

ಉ: ಮಿಂಚು
‘ಆಳು’ ಅಂತ ಕರೆಸಿಕೊಳ್ಳಲು ಯಾರಿಗೂ ಇಷ್ಟವಿರಲಿಲ್ಲ ಸ್ವಾಮಿ. ಕಂಬ ಹತ್ತುವವರನ್ನು ಒಮ್ಮೆ ಕೇಳಿ, ಆಮೇಲೆ ಸಿಟ್ಟು ಮಾಡಿಕೊಳ್ಳಿ.
ಕೆ. ಆರ್.

ಉ: ಪದ ಬೇಕು
ಎಲ್ಲರಿಗೂ ಥ್ಯಾಂಕ್ಸ್. ಮುಖಪುಟಕ್ಕೆ ‘ವಯರ್‌ಮನ್ನರ ಬಾಯಿಲೆಕ್ಕ’ ಅಂತ ಕಳಿಸಿದೆ. ಪವರ್ ಫ್ಯಾಕ್ಟರ್ ಹಾಗೇ ಇದೆ. ಒಂದೂವರೆ ಆಂಪಿನ ಸಾಲಿನ ಕೆಳಗೆ ‘ತ್ರೀ ಫೇಸಿಗೆ ಮಾತ್ರ’ ಅಂತ ದಪ್ಪಕ್ಷರದಲ್ಲಿ ಸೇರಿಸಿದ್ದೇನೆ. ಕೆ. ಆರ್. ಸಾರ್, ಆ ಹುಡುಗನಿಗೆ ಒಂದು ಪ್ರತಿ ನಾನೇ ಕಳಿಸುತ್ತೇನೆ.
ಎಸ್. ಎಂ.

ಉ: ಉ: ಪದ ಬೇಕು
‘ಲೆಕ್ಕ’ ಸಂಸ್ಕ್ರುತದ ‘ಲೇಕ್ಯ’ದಿಂದ ಬಂದದ್ದು. ‘ಬಾಯೆಣಿಕೆ’ ಆಗಬೇಕಿತ್ತು. ಅಚ್ಚು ನಿಲ್ಲಿಸಲು ಆಗುತ್ತದೆಯೇ?
ಬಿ.